ಟೇಪು, ರಂಗೋಲಿ ಪುಡಿ ಹಿಡಿದು ಬೀದಿಗೆ ಬನ್ನಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅರ್ಧ ಗಂಟೆ ನಿಂತು ನೋಡಿ. ಸೊಪ್ಪಿನ ಚೀಲ ಹಿಡಿದ ಅಜ್ಜಿ ಒಂದು ಹೆಜ್ಜೆ ಮುಂದಿಡುತ್ತಾರೆ, ಬೈಕ್ ಬಂತು ಅಂತ ಹಿಂದೆ ಸರಿಯುತ್ತಾರೆ. ಕೊನೆಗೆ ಕೈ ಅಡ್ಡ ಹಿಡಿದು ದಾಟಿಬಿಡುತ್ತಾರೆ. ‘ನೋಡ್ಕೊಂಡು ಹೋಗಮ್ಮಾ’ ಅಂತ ಯಾರೋ ಗದರುತ್ತಾರೆ. ರಸ್ತೆ ಸುರಕ್ಷತೆಯ ಕೆಲಸ ಮಾಡುವ ನನಗೆ ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅಜ್ಜಿ ನೋಡಿಕೊಂಡೇ ಹೋಗುತ್ತಿದ್ದಾರೆ, ಅಲ್ವಾ?

ಲೆಕ್ಕ ಹಾಕೋಣ. ಸಿಗ್ನಲ್‌ಗೆ ಸಮಯ ಇಡುವಾಗ ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿಯುವುದು ವಾಡಿಕೆ. 14 ಮೀಟರ್ ಅಗಲದ ರಸ್ತೆಗೆ 12 ಸೆಕೆಂಡು ಸಾಕು. ಮಂಡಿನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ ಹದಿನೇಳೂವರೆ ಸೆಕೆಂಡು ಬೇಕು. ಡಿವೈಡರ್ ನಡುವೆ ನಿಲ್ಲಲು ಒಂದಿಷ್ಟು ಜಾಗ ಬಿಟ್ಟರೆ ಅವರು ಎರಡು ಸಲಕ್ಕೆ ದಾಟಬಹುದು.

ಇನ್ನು ವೇಗ. 50 ಕಿ.ಮೀ. ವೇಗದಲ್ಲಿ ಬರುವ ಕಾರಿಗೆ, ಚಾಲಕ ಕಂಡ ಕ್ಷಣದಿಂದ ಪೂರ್ತಿ ನಿಲ್ಲಲು ಸುಮಾರು 28 ಮೀಟರ್ ಬೇಕು. 30ರಲ್ಲಿ ಬಂದರೆ ಸುಮಾರು 13 ಮೀಟರ್. ಸುಮ್ನೆ ‘ನಿಧಾನ’ ಅಂತ ಬೋರ್ಡ್ ಹಾಕಿದರೆ ಯಾರೂ ನಿಧಾನ ಮಾಡುವುದಿಲ್ಲ. ತಿರುವಿನ ಮೂಲೆಯಲ್ಲಿ ವಾಹನಕ್ಕೆ ಸಿಗುವ ಜಾಗ ಕಿರಿದಾದರೆ ಮಾಡುತ್ತಾರೆ.

ಎಷ್ಟು ಕಿರಿದು ಮಾಡಬಹುದು ಅಂತ ನೋಡಲು ನಾನು ಬಡಾವಣೆಯವರಿಗೆ ರಂಗೋಲಿ ಪುಡಿ ತರಲು ಹೇಳುತ್ತೇನೆ. ಒಂದು ಭಾನುವಾರ ಶಾಲೆ ಪಕ್ಕದ ತಿರುವಿನಲ್ಲಿ ಅಡ್ಡಲಾಗಿ ದಪ್ಪಗೆ ಪುಡಿ ಹಾಕಿದೆವು. ಎರಡು ಗಂಟೆ ಬಿಟ್ಟು ನೋಡಿದರೆ ಚಕ್ರದ ಗುರುತೆಲ್ಲ ನಡುವೆ. ಮೂಲೆಯ ಕಡೆ ಮೂರು ಹೆಜ್ಜೆ ಅಗಲಕ್ಕೆ ಪುಡಿ ಹಾಕಿದ ಹಾಗೇ ಇತ್ತು. ಅಷ್ಟೂ ಜಾಗ ವಾಹನಗಳಿಗೆ ಬೇಕಿಲ್ಲ, ಮಕ್ಕಳು ನಿಲ್ಲಲು ಬೇಕು. ಸಂಚಾರ ಪೊಲೀಸರ, ಪಾಲಿಕೆಯ ಒಪ್ಪಿಗೆ ಪಡೆದು ಅಲ್ಲಿ ಬಣ್ಣ ಬಳಿದ ಟೈರ್ ಇಟ್ಟು ಒಂದು ತಿಂಗಳು ನೋಡಬಹುದು. ಕಸದ ಲಾರಿ, ಸ್ಕೂಲ್ ಬಸ್ ತಿರುಗುತ್ತವಾ ಅಂತ ಮೊದಲೇ ಪರೀಕ್ಷೆ ಮಾಡಿ. ಆಮೇಲೆ ಕಾಂಕ್ರೀಟ್.

ಸೈಕಲ್ ವಿಷಯ ಹೇಳಲೇಬೇಕು. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಹಳ್ಳಿ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿಯುವುದನ್ನು ನೋಡಿ ಎಷ್ಟು ಖುಷಿಯಾಗುತ್ತಿತ್ತು! ಅವರಿಗೆ ಬೇಕಾದ ದಾರಿ ಮಾತ್ರ ನಾವು ಮಾಡಿಕೊಡಲಿಲ್ಲ. ಡಾಂಬರಿನ ಅಂಚು ಕುಸಿದಿದ್ದರೆ ಮಗು ಲಾರಿಗಳ ಮಧ್ಯೆಯೇ ತುಳಿಯಬೇಕು. ಅಂಚಿಗೆ ಮಣ್ಣು, ಜಲ್ಲಿ ತುಂಬಿ ಸಮ ಮಾಡಿಸುವುದು ಗ್ರಾಮ ಪಂಚಾಯಿತಿಯಿಂದಲೂ ಆಗುವ ಕೆಲಸ. ಚರಂಡಿ ಮೇಲಿನ ಕಬ್ಬಿಣದ ಜಾಲರಿಯನ್ನೂ ನೋಡಿ. ಸರಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಸೀದಾ ಒಳಗಿಳಿಯುತ್ತದೆ. ಅಡ್ಡಲಾಗಿರಬೇಕು. ಬಿದ್ದು ಹಲ್ಲು ಮುರಿದುಕೊಂಡ ಹುಡುಗನನ್ನು ನಾನೇ ಎತ್ತಿದ್ದೇನೆ. ಎಷ್ಟೋ ಕಡೆ ಜಾಲರಿ ತಿರುಗಿಸಿ ಕೂರಿಸಲು ವೆಲ್ಡರ್‌ಗೆ ಅರ್ಧ ದಿನದ ಕೆಲಸ.

ಫುಟ್‌ಪಾತ್ ಮೇಲಿನ ವ್ಯಾಪಾರಿಗಳನ್ನು ಎಬ್ಬಿಸಿ ಅಂತ ಮಾತ್ರ ಕೇಳಬೇಡಿ. ಸಂಜೆ ಅವರ ದೀಪ ಇರುವ ಕಡೆಯೇ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. ನಮ್ಮ ಮನೆ ಗೇಟಿನ ಮುಂದೆ ಕಾರಿಗೆ ಅಂತ ಫುಟ್‌ಪಾತ್ ಮೇಲೆ ಕಟ್ಟಿಸಿದ ಇಳಿಜಾರನ್ನು ಮೊದಲು ಒಡೆಸೋಣ.

ಅರ್ಜಿಯಲ್ಲಿ ‘ರಸ್ತೆ ಸರಿಮಾಡಿ’ ಅಂತ ಬರೆದರೆ ಅದು ಫೈಲ್ ಸೇರುತ್ತದೆ. ಟೇಪು ಹಿಡಿದು ಅಳೆಯಿರಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಂತೆ ನಡೆಯಲು ಅಡ್ಡಿಯಿಲ್ಲದ 1.8 ಮೀಟರ್ ಅಗಲ ಬೇಕು, ಫುಟ್‌ಪಾತ್ ಎತ್ತರ 15 ಸೆಂ.ಮೀ. ಮೀರಬಾರದು. ನಿಮ್ಮಲ್ಲಿ ಎಷ್ಟಿದೆ ಅಂತ ಜಾಗದ ಗುರುತು, ಫೋಟೊ ಸಮೇತ ಬರೆಯಿರಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮನ್ನೂ ಕಾಣಿಸಿ. ರಸ್ತೆಯ ವಿನ್ಯಾಸ, ನಿರ್ವಹಣೆ ಸರಿಯಿಲ್ಲದೆ ಸಾವು ಅಥವಾ ಅಂಗವಿಕಲತೆ ಉಂಟಾದರೆ ಹೊಣೆ ಹೊತ್ತವರಿಗೆ ಅದು ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ತಾರೀಕು, ಮೊಹರು ಹಾಕಿಸಿಕೊಂಡೇ ಬನ್ನಿ.