ಮಳೆಯಲ್ಲಿ ಕೆಂಪು ಇನ್ನಷ್ಟು ಕೆಂಪು

ಮಳೆ ಬಂದರೆ ಎಲ್ಲರೂ ಕ್ಯಾಮೆರಾ ಒಳಗಿಡುತ್ತಾರೆ. ಹಳೆಯ ಚೀನೀ ಗುಡಿಯ ಫೋಟೊ ಬೇಕಿದ್ದರೆ ಅದನ್ನು ಹೊರತೆಗೆಯುವ ಹೊತ್ತು ಅದೇ.

ಸಿಂಗಪುರದ ತೆಲೊಕ್ ಆಯರ್ ಬೀದಿಯ ಥಿಯಾನ್ ಹಾಕ್ ಕೆಂಗ್ ಗುಡಿಯನ್ನೇ ನೋಡಿ. ಚೀನಾದ ಫುಜಿಯಾನ್ ಕಡೆಯಿಂದ ಹಡಗಿನಲ್ಲಿ ಬಂದವರು ಕಡಲ ದೇವತೆ ಮಾಝುಗೆ ಕಟ್ಟಿಸಿದ್ದು. 1842ರಲ್ಲಿ ಪೂರ್ತಿಯಾಯಿತು. ಆಗ ಸಮುದ್ರ ಇದರ ಎದುರಿಗೇ ಇತ್ತು; ಆಮೇಲೆ ಮಣ್ಣು ತುಂಬಿಸಿ ದೂರ ತಳ್ಳಿದರು. ಡ್ರ್ಯಾಗನ್ ಸುತ್ತಿದ ಗ್ರಾನೈಟ್ ಕಂಬಗಳು, ಚಿನ್ನದ ರೇಕು ಹಚ್ಚಿದ ಮರದ ಕೆತ್ತನೆ, ನಡುವೆ ನಮ್ಮ ತೊಟ್ಟಿಮನೆಯಂತೆ ತೆರೆದ ಅಂಗಳ.

ಬಿಸಿಲಲ್ಲಿ ಈ ಅಂಗಳ ಫೋಟೊದಲ್ಲಿ ಬರೀ ಬಿಳಿ, ಸೂರಿನ ಕೆಳಗೆ ಬರೀ ಕಪ್ಪು. ಮೋಡ ಕವಿದರೆ ಇಡೀ ಆಕಾಶದಿಂದ ಬೆಳಕು ಇಳಿಯುತ್ತದೆ, ನೆರಳು ತೆಳುವಾಗುತ್ತದೆ. ಇದು ಎಲ್ಲರಿಗೂ ಗೊತ್ತು. ನೆಂದ ಮೇಲ್ಮೈಯ ಕಥೆ ಇದಕ್ಕಿಂತ ಸ್ವಾರಸ್ಯ.

ನೀರಿಗೆ ಬಣ್ಣವಿಲ್ಲ, ಆದರೂ ನೆಂದ ಹೆಂಚು ಗಾಢವಾಗಿ ಕಾಣುತ್ತದೆ, ಅಲ್ವಾ? ಒಣ ಹೆಂಚಿಗೆ ಬಡಿದ ಬೆಳಕು ಚದುರಿ ಸೀದಾ ಹೊರಟುಹೋಗುತ್ತದೆ. ಮೇಲೆ ನೀರಿನ ಪದರ ಇದ್ದರೆ, ನೆಟ್ಟಗಿನ ದಿಕ್ಕಿನಿಂದ ಸುಮಾರು 49 ಡಿಗ್ರಿಗಿಂತ ಜಾಸ್ತಿ ವಾಲಿದ ಕಿರಣಗಳು ಆಚೆ ಹೋಗಲಾರದೆ ಹೆಂಚಿಗೇ ಮರಳುತ್ತವೆ. ಹೆಂಚು ಇನ್ನೊಮ್ಮೆ ಅದರಲ್ಲಿ ಒಂದು ಪಾಲು ಹೀರುತ್ತದೆ. ಕೆಂಪು ಹೆಂಚು ಹೀರುವುದು ಹೆಚ್ಚಾಗಿ ನೀಲಿ, ಹಸಿರನ್ನು. ಹಾಗಾಗಿ ಉಳಿಯುವ ಬೆಳಕು ಇನ್ನೂ ಕೆಂಪು. ಸ್ವೀಡನ್ನಿನ ವಿಜ್ಞಾನಿ ಆಂಗ್‌ಸ್ಟ್ರಾಮ್ 1925ರಲ್ಲೇ ನೆಂದ ನೆಲ ಕಪ್ಪಾಗುವುದನ್ನು ಹೀಗೆ ವಿವರಿಸಿದ್ದರು.

ಆದರೆ ಅದೇ ಪದರ ಆಕಾಶದ ಬಿಳಿಯನ್ನೂ ಹೊಳೆಸಿ ಬಣ್ಣವನ್ನು ಮುಚ್ಚುತ್ತದೆ. ಇಲ್ಲಿ ಪೋಲರೈಸರ್ ಫಿಲ್ಟರ್ ಬೇಕು: ಲೆನ್ಸ್ ಮುಂದೆ ಹಾಕುವ, ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ತಡೆಯುವ ಗಾಜು. ನೆಲಕ್ಕೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ನೀರಿನ ಹೊಳಪು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು. ಫಿಲ್ಟರ್ ತಿರುಗಿಸಿದರೆ ಅಳಿಸಿಹೋಗುತ್ತದೆ. ಬಾಗಿಲಿನ ಮೆರುಗೆಣ್ಣೆಯ ಹೊಳಪೂ ಸರಿಯಾದ ಓರೆಯಲ್ಲಿ ಹೀಗೇ ತಗ್ಗುತ್ತದೆ. ಚಿನ್ನದ ರೇಕು ಮಾತ್ರ ಜಗ್ಗುವುದಿಲ್ಲ! ಲೋಹದ ಹೊಳಪಿಗೆ ಫಿಲ್ಟರಿನ ಆಟ ಅಷ್ಟಾಗಿ ನಡೆಯುವುದಿಲ್ಲ. ಕೆಂಪು ಶಾಂತವಾಗಿ, ಚಿನ್ನ ಮಿನುಗುತ್ತಲೇ ಇರುತ್ತದೆ. ಕಂಪ್ಯೂಟರಿನಲ್ಲಿ ಆಮೇಲೆ ಇದನ್ನು ಮಾಡುತ್ತೇನೆ ಅಂದರೆ ಸುಮ್ನೆ ಒದ್ದಾಟ.

ಮಳೆಯೂ ಫೋಟೊದಲ್ಲಿ ಬರಬೇಕಾ? ಒಣ ಸೂರಿನಡಿ ನಿಂತು, ಅಂಗಳದಾಚೆಯ ಕತ್ತಲು ಬಾಗಿಲನ್ನು ಹಿನ್ನೆಲೆಯಾಗಿ ಇಟ್ಟುಕೊಳ್ಳಿ. ಪ್ರತಿ ಹನಿಯೂ ಪುಟ್ಟ ಮಸೂರ. ಸುತ್ತಲಿನ ಆಕಾಶದ ಬೆಳಕನ್ನು ನಿಮ್ಮತ್ತ ಬಾಗಿಸುತ್ತದೆ. ಬಿಳಿ ಆಕಾಶದ ಎದುರು ಅದು ಕಾಣುವುದೇ ಇಲ್ಲ. 2 ಮಿಲಿಮೀಟರ್ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ಬೀಳುತ್ತದೆ. ಶಟರ್ 1/30 ಸೆಕೆಂಡ್ ತೆರೆದಿದ್ದರೆ 20 ಸೆಂಟಿಮೀಟರಿಗೂ ಉದ್ದದ ಗೆರೆ, 1/1000ಕ್ಕೆ ಬರೀ ಚುಕ್ಕೆಯಂಥದ್ದು. ಮಳೆ ಅನ್ನಿಸಬೇಕಾದರೆ 1/125ರ ಆಸುಪಾಸು ನನಗೆ ಇಷ್ಟ.

ಇನ್ನು ಒಂದು ಮಾತು. ಏಸಿ ಕೋಣೆಯಿಂದ ಸೀದಾ ಹೊರಬಂದ ತಣ್ಣನೆಯ ಲೆನ್ಸ್ ಸಿಂಗಪುರದ ಹಸಿ ಗಾಳಿಗೆ ಮಂಜುಕಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಚೀಲ ಮುಚ್ಚಿಯೇ ಇಟ್ಟು, ಕ್ಯಾಮೆರಾ ಬೆಚ್ಚಗಾಗುವವರೆಗೆ ಬೀದಿ ಸುತ್ತಿ ಬನ್ನಿ.