ಕಡಲ್ಗಳ್ಳರನ್ನು ಹಿಡಿದರೆ ಸಾಕಾಗಲ್ವಾ, ಹೊಸ ಕಾಯ್ದೆ ಯಾಕೆ?

ಪ್ರಶ್ನೆ: ಕೊಲೆ, ದರೋಡೆಗೆ ಕಾನೂನು ಮೊದಲಿನಿಂದಲೂ ಇದೆಯಲ್ಲ? ಮತ್ತೆ ಹಡಗು, ವಿಮಾನ ಅಪಹರಣಕ್ಕೆ ಅಂತ ಬೇರೆ ಕಾಯ್ದೆ ಯಾಕೆ ಬೇಕು?

ಉತ್ತರ: ಊರಲ್ಲಿ ದರೋಡೆಯಾದರೆ ಯಾವ ಠಾಣೆಗೆ ಹೋಗಬೇಕು ಅಂತ ನಮಗೆ ಗೊತ್ತು. ನಡುಸಮುದ್ರದಲ್ಲಿ ಆದರೆ?

1999ರ ಅಲೊಂಡ್ರಾ ರೇನ್‌ಬೋ ಪ್ರಕರಣ ನೋಡಿ. ಹಡಗು ಜಪಾನಿನವರದು, ಧ್ವಜ ಪನಾಮಾದ್ದು. ಅಲ್ಯೂಮಿನಿಯಂ ಗಟ್ಟಿ ತುಂಬಿಕೊಂಡು ಇಂಡೊನೇಷ್ಯಾದಿಂದ ಹೊರಟಿತ್ತು. ಹಡಗು ಹತ್ತಿದ ಕಡಲ್ಗಳ್ಳರು 17 ಸಿಬ್ಬಂದಿಯನ್ನು ತೆಪ್ಪಕ್ಕಿಳಿಸಿ ಸಮುದ್ರದಲ್ಲೇ ಬಿಟ್ಟುಬಿಟ್ಟರು. ಆ ಜನ ದಿನಗಟ್ಟಲೆ ತೇಲಾಡಿ, ಮೀನುಗಾರರ ಕಣ್ಣಿಗೆ ಬಿದ್ದು ಬದುಕಿಕೊಂಡರು. ಕಳ್ಳರು ಹಡಗಿನ ಮೇಲೆ 'ಮೆಗಾ ರಾಮಾ' ಅಂತ ಬೇರೆ ಹೆಸರು ಬರೆದು ಅರಬ್ಬಿ ಸಮುದ್ರದವರೆಗೂ ಬಂದರು. ನಮ್ಮ ಕೋಸ್ಟ್ ಗಾರ್ಡ್, ನೌಕಾಪಡೆ ಬೆನ್ನಟ್ಟಿದಾಗ ಹಡಗನ್ನೇ ಮುಳುಗಿಸಲು ನೋಡಿದರು. ಕೊನೆಗೆ 15 ಮಂದಿ ಸಿಕ್ಕಿಬಿದ್ದರು.

2003ರಲ್ಲಿ ಮುಂಬೈ ಸೆಷನ್ಸ್ ಕೋರ್ಟ್ ಶಿಕ್ಷೆ ಕೊಟ್ಟಿತು. 2005ರಲ್ಲಿ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ಕಡಲ್ಗಳ್ಳತನ ಅನ್ನುವ ಅಪರಾಧವೇ ಆಗ ನಮ್ಮ ದಂಡ ಸಂಹಿತೆಯಲ್ಲಿ ಇರಲಿಲ್ಲ. ಪರದೇಶದವರು, ಪರದೇಶದ ಹಡಗಿನ ಮೇಲೆ, ಎಲ್ಲೋ ದೂರದ ನೀರಿನಲ್ಲಿ ಮಾಡಿದ ಕೃತ್ಯವನ್ನು ದರೋಡೆ ಕಲಮುಗಳಲ್ಲಿ ಸಾಬೀತು ಮಾಡಬೇಕಿತ್ತು. ಜೀವ ಪಣಕ್ಕಿಟ್ಟು ಹಿಡಿದವರಿಗೆ ಎಷ್ಟು ಸಂಕಟ ಆಗಿರಬೇಡ!

ಈ ಕೊರತೆ ತುಂಬಿದ್ದು 2022ರ ಕಡಲ್ಗಳ್ಳತನ ತಡೆ ಕಾಯ್ದೆ. ತೀರಾ ತಡವಾಯಿತು ಅನ್ನೋದು ನನ್ನ ಅಭಿಪ್ರಾಯ. ಮಂಗಳೂರು, ಉಡುಪಿ, ಕಾರವಾರದ ಎಷ್ಟೋ ಮನೆಗಳ ಮಕ್ಕಳು ಹಡಗಿನಲ್ಲಿ ದುಡಿಯುತ್ತಾರೆ. ಇದು ದೂರದ ಸಂಗತಿ ಅಲ್ಲವೇ ಅಲ್ಲ.

ಕಾಯ್ದೆ ಬೇಗನೇ ಕೆಲಸಕ್ಕೆ ಬಂತು. 2024ರ ಮಾರ್ಚ್‌ನಲ್ಲಿ ನಮ್ಮ ಯುದ್ಧನೌಕೆ ಐಎನ್‌ಎಸ್ ಕೋಲ್ಕತಾ ಮತ್ತು ವಿಮಾನದಿಂದ ಧುಮುಕಿದ ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳು ಸೇರಿ, ಕಡಲ್ಗಳ್ಳರ ಕೈಯಲ್ಲಿದ್ದ ಎಂವಿ ರುಯೆನ್ ಹಡಗನ್ನು ಬಿಡಿಸಿದರು. ನಮ್ಮ ಕರಾವಳಿಯಿಂದ ಸುಮಾರು 2,600 ಕಿಲೋಮೀಟರ್ ದೂರ. ಧ್ವಜ ಮಾಲ್ಟಾದ್ದು, ಕಂಪನಿ ಬಲ್ಗೇರಿಯಾದ್ದು, ಕಳ್ಳರು ಸೊಮಾಲಿಯಾದವರು. ಆದರೂ 35 ಮಂದಿಯನ್ನು ಮುಂಬೈಗೆ ತಂದು, ಇದೇ ಕಾಯ್ದೆಯಡಿ ಪೊಲೀಸರಿಗೆ ಒಪ್ಪಿಸಲಾಯಿತು. ಕಳ್ಳ ಯಾವ ದೇಶದವನಾದರೂ ಇಲ್ಲೇ ವಿಚಾರಣೆ ಮಾಡಬಹುದು ಅಂತ ಈಗ ಕಾನೂನೇ ಹೇಳುತ್ತದೆ.

ವಿಮಾನದ ಕಥೆಯಲ್ಲಿ ತೊಡಕು ಜಾಗದ್ದಲ್ಲ, ಹೊತ್ತಿನದು. 1982ರ ವಿಮಾನ ಅಪಹರಣ ತಡೆ ಕಾಯ್ದೆ ವಿಮಾನದ ಬಾಗಿಲು ಮುಚ್ಚಿದಾಗಿನಿಂದ ತೆರೆಯುವವರೆಗೆ ಮಾತ್ರ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ ಬಂದ 2016ರ ಕಾಯ್ದೆ ಹಾರಾಟದ ತಯಾರಿ ಶುರುವಾದಾಗಿನಿಂದ ಹಿಡಿದು, ಇಳಿದ ಮೇಲೆ 24 ಗಂಟೆಯವರೆಗೂ ಅನ್ವಯಿಸುತ್ತದೆ. ಸುಮ್ನೆ ಬೆದರಿಸಿದರೂ ಅಪರಾಧವೇ. ಒತ್ತೆಯಾಳು ಸತ್ತರೆ ಮರಣದಂಡನೆಯವರೆಗೂ ಹೋಗಬಹುದು.

ಹಾಗಂತ ಕಾಯ್ದೆ ಬಂದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. 2017ರಲ್ಲಿ ಮುಂಬೈ–ದೆಹಲಿ ವಿಮಾನದ ಶೌಚಾಲಯದಲ್ಲಿ ಬೆದರಿಕೆ ಚೀಟಿ ಸಿಕ್ಕಿತು. ವಿಮಾನವನ್ನು ಅಹಮದಾಬಾದಿನಲ್ಲಿ ಇಳಿಸಿದರು. ವಿಚಾರಣಾ ಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು. 2023ರಲ್ಲಿ ಗುಜರಾತ್ ಹೈಕೋರ್ಟ್, ಸಾಕ್ಷ್ಯ ಸಾಲದು ಅಂತ ಆರೋಪಿಯನ್ನು ಬಿಟ್ಟಿತು. ಹಡಗಿನ ವಿಷಯದಲ್ಲಿ ಸಾಕ್ಷ್ಯ ಹೊಂದಿಸುವುದು ಇನ್ನೂ ಕಷ್ಟ. ರುಯೆನ್‌ನ 17 ಸಿಬ್ಬಂದಿ ಬಲ್ಗೇರಿಯಾ, ಮ್ಯಾನ್ಮಾರ್, ಅಂಗೋಲಾದವರು. ಇಂಥ ನಾವಿಕರು ತಮ್ಮ ಊರಿಗೆ ಹೋದ ಮೇಲೂ ಸುಲಭವಾಗಿ ಸಾಕ್ಷಿ ಹೇಳುವಂತಾಗಬೇಕು. ಮುಂದಿನ ತಿದ್ದುಪಡಿ ಬೇಕಿರುವುದು ಅಲ್ಲಿ.