ಥೀಸಿಸ್ ಮುಗಿದ ಮೇಲೆ ಮುಂದೇನು?

ನಿಪ್ಪಾಣಿ ಕಡೆಯ ಒಬ್ಬರಿಗೆ ಬಾಯಲ್ಲಿ ವಾಸಿಯಾಗದ ಹುಣ್ಣು. ಅದರ ಒಂದು ಚೂರು ಬೆಳಗಾವಿಯ ಪ್ಯಾಥಾಲಜಿ ಲ್ಯಾಬಿಗೆ, ಅಂದರೆ ದೇಹದ ಚೂರು ನೋಡಿ ರೋಗ ಗುರುತಿಸುವ ಕಡೆಗೆ, ಬರುತ್ತದೆ ಅನ್ನಿ. ಕೊಳೆಯದಂತೆ ಫಾರ್ಮಲಿನ್ ದ್ರಾವಣದಲ್ಲಿಟ್ಟ ಚೂರನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತಾರೆ. ಮೈಕ್ರೋಟೋಮ್ ಅನ್ನುವ ಕೊಯ್ಯುವ ಯಂತ್ರದಲ್ಲಿ ನಾಲ್ಕೈದು ಮೈಕ್ರಾನ್ ತೆಳುವಾಗಿ ಕೊಯ್ದು, ಗಾಜಿನ ಸ್ಲೈಡಿನ ಮೇಲಿಟ್ಟು ಬಣ್ಣ ಹಾಕುತ್ತಾರೆ. ಜೀವಕೋಶದ ನಡುವಿನ ನ್ಯೂಕ್ಲಿಯಸ್ ನೀಲಿ, ಸುತ್ತಲಿನದು ಗುಲಾಬಿ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವ ರಿಪೋರ್ಟ್ ಹೋಗುತ್ತದೆ, ಬ್ಲಾಕ್ ಕಪಾಟು ಸೇರುತ್ತದೆ.

ತಂಬಾಕು ತಿನ್ನುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಕೆಲವರಿಗೇ ಯಾಕೆ? ಇದನ್ನು ಹುಡುಕಲು ಆ ಬ್ಲಾಕುಗಳು ಬೇಕು, ಹುಡುಕುವ ಡಾಕ್ಟರೂ ಬೇಕು. ಬ್ಲಾಕುಗಳು ನಮ್ಮಲ್ಲಿ ಜಾಸ್ತಿಯೇ ಇವೆ. ಕೊರತೆ ಇರುವುದು ಎಂಡಿ ಥೀಸಿಸ್ ಮುಗಿದ ಮೇಲೂ ಹುಡುಕುತ್ತಲೇ ಇರುವ ಡಾಕ್ಟರುಗಳದ್ದು.

ಪ್ಯಾಥಾಲಜಿ ಬೆಳೆದದ್ದೇ ಸಂಶೋಧನೆಯಿಂದ. 1858ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಶೋ ರೋಗದ ಬೇರು ಜೀವಕೋಶದಲ್ಲಿದೆ ಎಂದು ವಾದಿಸಿದರು. ರೋಗ ಗುರುತಿಸುವುದು, ಅದರ ಕಾರಣ ಹುಡುಕುವುದು ಎರಡೂ ಅವರಿಗೆ ಒಂದೇ ಕೆಲಸ. ನಮ್ಮ ವಿ. ರಾಮಲಿಂಗಸ್ವಾಮಿಯವರೂ ಪ್ಯಾಥಾಲಜಿಸ್ಟ್. 1956ರಲ್ಲಿ ಅವರ ತಂಡ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಜನರಿಗೆ ಅಯೋಡಿನ್ ಬೆರೆತ ಉಪ್ಪು ಕೊಟ್ಟು ವರ್ಷಗಟ್ಟಲೆ ಕಾದು ನೋಡಿತು. ಗಳಗಂಡ ಇಳಿಯಿತು. ಇವತ್ತು ನಮ್ಮ ಅಡುಗೆಮನೆಗಳಲ್ಲಿರುವ ಉಪ್ಪಿನ ಹಿಂದೆ ಆ ಕೆಲಸವಿದೆ.

ಆಸ್ಪತ್ರೆಗಳು ಬೆಳೆದ ಹಾಗೆ ಸ್ಲೈಡುಗಳ ರಾಶಿಯೂ ಬೆಳೆಯಿತು, ಹುಡುಕಾಟಕ್ಕೆ ಪುರುಸೊತ್ತು ಇಲ್ಲವಾಯಿತು. ಅಮೆರಿಕ 1964ರಲ್ಲೇ ಎಂಡಿ, ಪಿಎಚ್‌ಡಿ ಎರಡನ್ನೂ ಒಟ್ಟಿಗೆ ಓದುವವರಿಗೆ ಸರ್ಕಾರದ ಹಣ ಕೊಡಲು ಶುರುಮಾಡಿತು. ಅಲ್ಲಿನ ಎಂಡಿ ನಮ್ಮ ಎಂಬಿಬಿಎಸ್ ಇದ್ದ ಹಾಗೆ. ಅಷ್ಟಾದರೂ, ಸಂಶೋಧನೆ ಮಾಡುವ ವೈದ್ಯರ ಸಂತತಿಯೇ ಅಳಿಯುತ್ತಿದೆ ಎಂದು 1979ರಲ್ಲಿ ಅಲ್ಲಿನ ವೈದ್ಯ ಜೇಮ್ಸ್ ವೈನ್‌ಗಾರ್ಡನ್ ಎಚ್ಚರಿಸಿದರು. ಅದೇ ವರ್ಷ ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಎಂಬಿಬಿಎಸ್ ಓದುವವರಿಗೆ ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನ ಶುರುಮಾಡಿತು. ಒಳ್ಳೆಯ ಬಾಗಿಲು. ಆದರೆ ಒಳಗೆ ಹೋದವರಿಗೆ ಮುಂದಿನ ಕೋಣೆ ಸಿಗಬೇಕಲ್ವಾ?

ನಮ್ಮ ಭಾಗದಲ್ಲಿ ಮೆಡಿಕಲ್ ಕಾಲೇಜುಗಳಿಗೆ ಕೊರತೆಯಿಲ್ಲ. ಬೆಳಗಾವಿಯ ಜೆಎನ್‌ಎಂಸಿ 1963ರದ್ದು. ವಿಜಯಪುರದ ಬಿಎಲ್‌ಡಿಇ ಕಾಲೇಜು, ಬಾಗಲಕೋಟೆಯ ನಿಜಲಿಂಗಪ್ಪ ಕಾಲೇಜು ಆಮೇಲೆ ಬಂದವು. ಕಷ್ಟ ಇರುವುದು ನಮ್ಮಲ್ಲಿ ಎಂಬಿಬಿಎಸ್ ಆದಮೇಲೆ ಓದುವ ಎಂಡಿಯ ಮೂರು ವರ್ಷಗಳಲ್ಲಿ. ಮೊದಲ ವರ್ಷ ಗ್ರಾಸಿಂಗ್, ಅಂದರೆ ಬಂದ ಅಂಗವನ್ನು ಕಣ್ಣಿನಲ್ಲೇ ನೋಡಿ ಬೇಕಾದ ಚೂರು ಕತ್ತರಿಸುವುದು, ಕಲಿಯುವುದರಲ್ಲೇ ಹೋಗುತ್ತದೆ, ಕೊನೆಯದು ಪರೀಕ್ಷೆಗೆ. ನಡುವೆ ಥೀಸಿಸ್. ಅದಕ್ಕೇ ಬೇಗ ಮುಗಿಯುವ ವಿಷಯ ಆರಿಸುತ್ತಾರೆ, ಅದು ಅವರ ತಪ್ಪಲ್ಲ. ಡಿಗ್ರಿ ಬಂದ ಮೇಲೆ ಸಾಲ, ಮದುವೆ, ಲ್ಯಾಬಿನ ಕೆಲಸ. ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆಯನ್ನು ಬಿಡದೆ ಹಿಡಿದರೆ ಏನಾಗುತ್ತದೆ ಅನ್ನುವುದು ಬೆಳಗಾವಿಗೆ ಗೊತ್ತಿದೆ. ಅದು ಹೆರಿಗೆಯ ವಿಷಯ, ಪ್ಯಾಥಾಲಜಿಯದ್ದಲ್ಲ. ಇಲ್ಲಿನ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ ನಡೆಯಿತು. ಮಾತ್ರೆ ಕೊಟ್ಟವರು ಊರಿನ ನರ್ಸಮ್ಮಂದಿರೇ. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಅದನ್ನು ಪ್ರಕಟಿಸಿತು. ವರ್ಷಗಟ್ಟಲೆ ಹಣ, ಅದಕ್ಕೇ ಮೀಸಲಾದ ಜನ ಇದ್ದದ್ದರಿಂದ ಆದ ಕೆಲಸ ಅದು.

ಪ್ಯಾಥಾಲಜಿಗೂ ಅಷ್ಟೇ ಬೇಕು. ಎಂಡಿ ಮುಗಿಸಿದ ಆಸಕ್ತರಿಗೆ ವಾರದಲ್ಲಿ ಎರಡು ದಿನ ರಿಪೋರ್ಟಿಂಗ್‌ನಿಂದ ಬಿಡುವು, ಪಿಎಚ್‌ಡಿ ಮಾಡುವಾಗಲೂ ಕೈಗೆ ಪೂರ್ತಿ ಸಂಬಳ. ಜತೆಗೆ ಕಪಾಟಿನಲ್ಲಿರುವ ಬ್ಲಾಕುಗಳಿಗೆ ಕಂಪ್ಯೂಟರಿನಲ್ಲಿ ಸರಿಯಾದ ಲೆಕ್ಕ. ಈ ಕೊನೆಯದಕ್ಕಂತೂ ದಿಲ್ಲಿಯ ಅನುದಾನಕ್ಕೆ ಕಾಯಬೇಕಿಲ್ಲ.